ಡಿಎನ್‌ಎ ಮಾದರಿಯನ್ನು ಅಳತೆ ತಪ್ಪದಂತೆ ಕಟ್ಟುವುದು ಹೇಗೆ?

ವಿಜ್ಞಾನ ಪ್ರದರ್ಶನಗಳಲ್ಲಿ ಕಾಣುವ ಬಹುಪಾಲು ಡಿಎನ್‌ಎ ಮಾದರಿಗಳು ಬರೀ ತಿರುಚಿದ ಏಣಿಗಳು. ಅಳತೆಗೆ ತಕ್ಕಂತೆ ಕಟ್ಟಬೇಕೆಂದರೆ ‘ಫೋಟೋ 51’ರಿಂದ ಶುರುಮಾಡಬೇಕು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ಅವರ ಬಳಿ ಕೆಲಸ ಮಾಡುತ್ತಿದ್ದ ರೇಮಂಡ್ ಗಾಸ್ಲಿಂಗ್ 1952ರ ಮೇ ತಿಂಗಳಲ್ಲಿ ತೆಗೆದ ಡಿಎನ್‌ಎಯ ಎಕ್ಸ್-ರೇ ಚಿತ್ರ ಅದು. ನಡುವೆ ಇರುವ ಗುಣಾಕಾರ ಚಿಹ್ನೆಯಂಥ ಗುರುತು ಸುರುಳಿಯದು. ಒಂದು ಸುತ್ತಿನ ಎತ್ತರ 3.4 ನ್ಯಾನೋಮೀಟರ್, ಒಂದು ಮೆಟ್ಟಿಲಿಗೆ (ಎಳೆಗಳನ್ನು ಬೆಸೆಯುವ ಒಂದು ಪ್ರತ್ಯಾಮ್ಲ ಜೋಡಿಗೆ) 0.34; ಹಾಗಾಗಿ ಸುತ್ತಿಗೆ 10 ಮೆಟ್ಟಿಲು. (ದ್ರಾವಣದಲ್ಲಿ ಸುಮಾರು 10.5; ರಟ್ಟಿನ ಮಾದರಿಗೆ 10 ಸಾಕು.) ವ್ಯಾಸ 2 ನ್ಯಾನೋಮೀಟರ್.

ಚಿತ್ರದ ನಡುವಿನಿಂದ ಮೇಲಕ್ಕೂ ಕೆಳಕ್ಕೂ ಪದರ ಪದರವಾಗಿ ಬೀಳುವ ಗೆರೆಗಳಲ್ಲಿ ನಾಲ್ಕನೆಯದು ಕಾಣುವುದಿಲ್ಲ. ಎರಡು ಎಳೆಗಳ ನಡುವೆ ಸುತ್ತಿನ 3/8 ಭಾಗದಷ್ಟು ಅಂತರವಿರುವುದರಿಂದ ಹೀಗೆ. ಏಣಿಯ ಮಾದರಿಗಳು ತಪ್ಪುವುದು ಇಲ್ಲೇ: ಎಳೆಗಳನ್ನು ನೇರ ಎದುರುಬದುರು ಇಟ್ಟು ಅವುಗಳ ನಡುವೆ ಸುತ್ತುವ ಎರಡೂ ತೋಡುಗಳನ್ನು ಒಂದೇ ಅಗಲ ಮಾಡಿಬಿಡುತ್ತಾರೆ. 360ರ 3/8 ಎಂದರೆ 135 ಡಿಗ್ರಿ.

1 ನ್ಯಾನೋಮೀಟರಿಗೆ 5 ಸೆಂ.ಮೀ. ಹಿಡಿಯಿರಿ. 2 ಮಿ.ಮೀ. ದಪ್ಪದ ರಟ್ಟಿನಲ್ಲಿ 5 ಸೆಂ.ಮೀ. ಉದ್ದದ ಎರಡು ತೋಳುಗಳು 135 ಡಿಗ್ರಿಯಲ್ಲಿ ಕೂಡುವ ಅಚ್ಚು ಮಾಡಿ, 21 ತುಂಡು ಕತ್ತರಿಸಿ, ಮೂಲೆಯಲ್ಲಿ ತೂತು ಕೊರೆಯಿರಿ. ಎಲ್ಲಕ್ಕೂ ಒಂದೇ ಅಚ್ಚು ಸಾಕು, ಏಕೆಂದರೆ ಎ-ಟಿ (ಅಡೆನಿನ್-ಥೈಮಿನ್), ಜಿ-ಸಿ (ಗ್ವಾನಿನ್-ಸೈಟೋಸಿನ್) ಪ್ರತ್ಯಾಮ್ಲ ಜೋಡಿಗಳ ಅಗಲ ಒಂದೇ. ಕೇಂಬ್ರಿಜ್ಜಿನಲ್ಲಿ, ಡಿಎನ್‌ಎ ರಚನೆಯನ್ನು ಬಿಡಿಸಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್‌ಗೆ ಇದು ಹೊಳೆದದ್ದೂ ರಟ್ಟಿನ ತುಂಡುಗಳನ್ನು ಜೋಡಿಸುತ್ತಿದ್ದಾಗಲೇ, 1953ರ ಫೆಬ್ರವರಿ 28ರಂದು. ಪಠ್ಯಪುಸ್ತಕಗಳು ತೋರಿಸುವ ಪ್ರತ್ಯಾಮ್ಲಗಳ ರೂಪ ತಪ್ಪೆಂದು ರಸಾಯನಶಾಸ್ತ್ರಜ್ಞ ಜೆರ್ರಿ ಡೊನೊಹ್ಯೂ ಎಚ್ಚರಿಸುವವರೆಗೆ ಜೋಡಿ ಕೂಡಿರಲೇ ಇಲ್ಲ. ಎ-ಟಿ ತುಂಡಿನ ಮೇಲೆ ಎರಡು, ಜಿ-ಸಿ ಮೇಲೆ ಮೂರು ಹೈಡ್ರೋಜನ್ ಬಂಧದ ಗೆರೆ ಎಳೆಯಿರಿ.

40 ಸೆಂ.ಮೀ. ಬಿದಿರು ಕಡ್ಡಿಯನ್ನು ಪೀಠಕ್ಕೆ ನೆಟ್ಟು ತುಂಡುಗಳನ್ನು ಪೋಣಿಸಿ. ನಡುವೆ 1.5 ಸೆಂ.ಮೀ. ಸ್ಟ್ರಾ ತುಂಡು, 1.7 ಅಲ್ಲ! ರಟ್ಟಿನ ದಪ್ಪ ಲೆಕ್ಕಕ್ಕೆ ಬಾರದಿದ್ದರೆ ಎರಡು ಸುತ್ತಿನ 34 ಸೆಂ.ಮೀ. ಎತ್ತರ 38 ಆಗುತ್ತದೆ. ಮೇಲಿನಿಂದ ನೋಡುತ್ತ, ಪ್ರತಿ ತುಂಡನ್ನೂ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ 36 ಡಿಗ್ರಿ ತಿರುಗಿಸಿ ಅಂಟಿಸಿ. ಕೋನವನ್ನು ಕೆಳಗಿನ ತುಂಡಿನಿಂದ ಅಳೆಯಬೇಡಿ. 2 ಡಿಗ್ರಿ ತಪ್ಪಿದರೂ ಕೊನೆಯ ತುಂಡಿಗೆ 40 ಡಿಗ್ರಿ ಸೇರಿರುತ್ತದೆ. ಪೀಠದ ಮೇಲೆ ಹತ್ತು ಗೆರೆ ಬರೆದು, ಸೆಟ್‌ಸ್ಕ್ವೇರ್ ನೆಟ್ಟಗೆ ನಿಲ್ಲಿಸಿ ತಾಳೆ ನೋಡಿ.

ಅಂಟು ಒಣಗಿದ ಮೇಲೆ ತೋಳುಗಳ ತುದಿಗೆ ಎರಡು ಬಣ್ಣದ ತಂತಿ ಸುತ್ತಿ. ಒಂದೊಂದಕ್ಕೂ ಸುಮಾರು 72 ಸೆಂ.ಮೀ. ಬೇಕು, 80 ಕತ್ತರಿಸಿಕೊಳ್ಳಿ. ತಂತಿಯೇ ಸಕ್ಕರೆ-ಫಾಸ್ಫೇಟ್ ಬೆನ್ನೆಲುಬು; ಅದು ಹೊರಗೇ ಇರಬೇಕು. ಎಳೆಗಳು ವಿರುದ್ಧ ದಿಕ್ಕಿಗೆ ಸಾಗುವುದರಿಂದ ಒಂದರ ಬಾಣ ಮೇಲಕ್ಕೆ, ಇನ್ನೊಂದರದು ಕೆಳಕ್ಕೆ. ಫಾಸ್ಫೇಟನ್ನು ಒಳಗಿಟ್ಟದ್ದರಿಂದಲೇ ರಸಾಯನಶಾಸ್ತ್ರಜ್ಞ ಲೈನಸ್ ಪಾಲಿಂಗ್ ಅವರ ಮೂರೆಳೆಯ ಮಾದರಿ ಬಿದ್ದುಹೋಯಿತು.

ಕೊನೆಗೆ ಎದುರಿನಿಂದ ನೋಡಿ. ಮುಂದಿನ ತಂತಿ ಎಡಗೆಳಗಿನಿಂದ ಬಲಮೇಲಕ್ಕೆ ಏರಬೇಕು. ಎಡಕ್ಕೆ ಏರಿದ್ದರೆ ಬಿಚ್ಚಿ ಮತ್ತೆ ಪೋಣಿಸುವುದೇ ದಾರಿ. ತಲೆಕೆಳಗು ಮಾಡಿದರೆ ಸುರುಳಿಯ ದಿಕ್ಕು ಬದಲಾಗುವುದಿಲ್ಲ.