ಅಗ್ಗದ ಕ್ಯಾಮೆರಾ ರಾತ್ರಿಯೇ ಏಕೆ ಕೈಕೊಡುತ್ತದೆ?

ಎರಡು ಸಾವಿರ ರೂಪಾಯಿಯ ವೈಫೈ ಕ್ಯಾಮೆರಾ ಹಗಲಿಡೀ ಸರಿಯಾಗಿರುತ್ತದೆ. ಕತ್ತಲಾಯಿತೆಂದರೆ ಆಫ್ ಆಗುತ್ತದೆ, ತಾನೇ ಆನ್ ಆಗುತ್ತದೆ, ಮತ್ತೆ ಆಫ್. ಕೆಟ್ಟಿದೆ ಎಂದು ಎಸೆಯುವ ಮೊದಲು ಕೇಬಲ್ ನೋಡಿ. ಅಗ್ಗದ ಸಾಮಾನಿನಲ್ಲಿ ಚಿಪ್ ಕೆಡುವುದು ಕಡಿಮೆ. ಅದಕ್ಕೆ ಕರೆಂಟು ಕೊಡುವ ಅಡಾಪ್ಟರ್, ವೈರು, ಒಳಗಿನ ಮೆಮೊರಿ ಕಾರ್ಡು ಮೊದಲು ಸೋಲುತ್ತವೆ.

ಕತ್ತಲಾದೊಡನೆ ಲೆನ್ಸಿನ ಸುತ್ತಲಿನ, ಕತ್ತಲಲ್ಲಿ ನೋಡಲು ನೆರವಾಗುವ ಇನ್‌ಫ್ರಾರೆಡ್ ಎಲ್‌ಇಡಿಗಳು ಹೊತ್ತಿಕೊಂಡು ಕ್ಯಾಮೆರಾ ಎಳೆಯುವ ಕರೆಂಟು ಏರುತ್ತದೆ. ಗೇಟಿನ ಕಡೆಗೆ ಎಳೆದ ತೆಳ್ಳಗಿನ 3 ಮೀಟರ್ ಯುಎಸ್‌ಬಿ ಕೇಬಲ್ಲಿನೊಳಗೆ 28 ಗೇಜಿನ ತಂತಿ ಇದ್ದರೆ, ಹೋಗುವ ಬರುವ ಎರಡೂ ತಂತಿ ಸೇರಿ ಸುಮಾರು 1.3 ಓಮ್ ತಡೆ. ಹಗಲಲ್ಲಿ 0.3 ಆಂಪಿಯರ್ ಹರಿದರೆ ಅಡಾಪ್ಟರ್ ಕೊಡುವ 5 ವೋಲ್ಟಿನಲ್ಲಿ ಕ್ಯಾಮೆರಾಗೆ 4.6 ವೋಲ್ಟ್ ಸಿಗುತ್ತದೆ, ನಡೆಯುತ್ತದೆ. ರಾತ್ರಿ 0.8 ಆಂಪಿಯರ್ ಆದರೆ ದಾರಿಯಲ್ಲೇ 1 ವೋಲ್ಟ್ ಕಳೆದು ನಾಲ್ಕೇ ಉಳಿಯುತ್ತದೆ, ಕ್ಯಾಮೆರಾ ರೀಸ್ಟಾರ್ಟ್ ಆಗುತ್ತದೆ. ಪರಿಹಾರ: 5 ವೋಲ್ಟಿನ ವೈರನ್ನು ಉದ್ದ ಮಾಡಬೇಡಿ. ಕ್ಯಾಮೆರಾ ಹತ್ತಿರವೇ ಮಳೆನೀರು ಹೋಗದ ಡಬ್ಬಿಯಲ್ಲಿ ಪ್ಲಗ್ ಪಾಯಿಂಟ್ ಮಾಡಿಸಿ, 5 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಹಾಕಿ, ಕೇಬಲ್ 1 ಮೀಟರಿನೊಳಗೆ ಇರಲಿ. ಅದು ಆಗದಿದ್ದರೆ ಮಧ್ಯದ ಭಾಗಕ್ಕೆ 0.75 ಚದರ ಮಿಲಿಮೀಟರಿನ ಎರಡೆಳೆ ತಾಮ್ರದ ವೈರ್ ಬೆಸುಗೆ ಹಾಕಿಸಿ. 3 ಮೀಟರಿಗೆ ನಷ್ಟ 0.12 ವೋಲ್ಟ್ ಮಾತ್ರ. ಅಡಾಪ್ಟರಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತಿನ ಜೊತೆ 'ಆರ್' ಅಕ್ಷರದಿಂದ ಶುರುವಾಗುವ 8 ಅಂಕಿಯ ನೋಂದಣಿ ಸಂಖ್ಯೆ ಇರಬೇಕು. ಅದು ನಿಜವೇ ಎಂದು ಬಿಐಎಸ್ ಕೇರ್ ಆ್ಯಪ್‌ನಲ್ಲಿ ನೋಡಬಹುದು.

ಇನ್ನು ಮೆಮೊರಿ ಕಾರ್ಡು. ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ಸದಾ ರೆಕಾರ್ಡ್ ಮಾಡುವ ಕ್ಯಾಮೆರಾ ದಿನಕ್ಕೆ ಸುಮಾರು 21.6 ಜಿಬಿ ಬರೆಯುತ್ತದೆ. ಅಂದರೆ 64 ಜಿಬಿ ಕಾರ್ಡು ಮೂರು ದಿನದೊಳಗೆ ತುಂಬಿ ಮತ್ತೆ ಮೊದಲಿನಿಂದ, ವರ್ಷಕ್ಕೆ ನೂರಿಪ್ಪತ್ತು ಸಲ. ಮೊಬೈಲಿಗೆಂದು ತಂದ ಕಾರ್ಡು ಇದನ್ನು ಬಹಳ ದಿನ ತಾಳುವುದಿಲ್ಲ. 'ಹೈ ಎಂಡ್ಯೂರೆನ್ಸ್' ಎಂದು ಬರೆದದ್ದನ್ನೇ ಕೊಳ್ಳಿ. ನಕಲಿ ಕಾರ್ಡುಗಳೂ ಬಹಳ. ಕ್ಯಾಮೆರಾಗೆ ಹಾಕುವ ಮೊದಲು ಕಂಪ್ಯೂಟರಿನಲ್ಲಿ ಎಚ್‌2ಟೆಸ್ಟ್‌ಡಬ್ಲ್ಯೂ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಓದಿಸಿ. ದೊಡ್ಡ ಅಪಾಯವೆಂದರೆ, ಕಾರ್ಡು ಸತ್ತರೂ ಲೈವ್ ಚಿತ್ರ ಬರುತ್ತಲೇ ಇರುತ್ತದೆ. ಕಳ್ಳತನವಾದ ಮರುದಿನ ನೋಡಿದರೆ ಏನೂ ಇರುವುದಿಲ್ಲ. ತಿಂಗಳಿಗೊಮ್ಮೆ ಹಿಂದಿನ ರಾತ್ರಿ 2 ಗಂಟೆಯ ರೆಕಾರ್ಡಿಂಗ್ ತೆರೆದು ಓಡಿಸಿ ನೋಡಿ. ಹಾಗೆಯೇ ಲೆನ್ಸಿನ ಮೇಲಿನ ಜೇಡರಬಲೆ ಒರೆಸಿ. ಬಲೆ ಅಲುಗಿದಾಗಲೆಲ್ಲ ಮೊಬೈಲಿಗೆ ಸುಳ್ಳು ಅಲರ್ಟ್.

ಕರೆಂಟು ಹೋದಾಗ ಕ್ಯಾಮೆರಾ ಇನ್ವರ್ಟರ್ ಮೇಲಿದ್ದರೆ ಸಾಲದು, ರೌಟರೂ ಇಂಟರ್ನೆಟ್ಟಿನ ಫೈಬರ್ ಡಬ್ಬಿಯೂ ಅದರ ಮೇಲೇ ಇರಬೇಕು. ಕರೆಂಟು ಬದಲಾಗುವಾಗ ರೌಟರ್ ಆರಿ ಹೊತ್ತಿದರೆ ಇನ್ವರ್ಟರ್ ಹಿಂದಿನ ಸ್ವಿಚ್ಚನ್ನು 'ಯುಪಿಎಸ್' ಕಡೆಗೆ ಇಡಿ. ರೌಟರಿಗೆಂದು ಮಿನಿ ಯುಪಿಎಸ್ (ಚಿಕ್ಕ ಬ್ಯಾಟರಿ ಡಬ್ಬಿ) ಕೊಳ್ಳುವುದಾದರೆ ಡಬ್ಬದ ಮೇಲಿನ 8000 ಎಂಎಎಚ್ ನಂಬಿ ಲೆಕ್ಕ ಹಾಕಬೇಡಿ. ಸಾಮಾನ್ಯವಾಗಿ ಅದು ಒಳಗಿನ 3.7 ವೋಲ್ಟ್ ಸೆಲ್ಲುಗಳ ಲೆಕ್ಕ, 12 ವೋಲ್ಟಿನದಲ್ಲ. ನಿಜಕ್ಕೂ ಇರುವುದು 30 ವಾಟ್ ಅವರ್. ರೌಟರು, ಫೈಬರ್ ಡಬ್ಬಿ ಸೇರಿ 10 ವಾಟ್ ಎಳೆದರೆ ಎರಡೂವರೆ ಗಂಟೆ ಬಂದರೆ ಹೆಚ್ಚು.

ಮೊಬೈಲಿನಿಂದ ಆನ್ ಆಫ್ ಮಾಡುವ ಸ್ಮಾರ್ಟ್ ಪ್ಲಗ್ಗಿನ ವಿಷಯದಲ್ಲಿ ಉಳಿತಾಯ ಬೇಡವೇ ಬೇಡ. 3000 ವಾಟ್ ಗೀಸರ್ 13 ಆಂಪಿಯರ್ ಎಳೆಯುತ್ತದೆ, 10 ಆಂಪಿಯರ್ ಪ್ಲಗ್ ಕರಗುತ್ತದೆ. 16 ಆಂಪಿಯರಿನದೇ ಆಗಬೇಕು. ಸಂಪಿನ ಮೋಟಾರನ್ನಂತೂ ನೇರವಾಗಿ ಹಾಕಲೇಬೇಡಿ. ಶುರುವಾಗುವ ಕ್ಷಣದಲ್ಲಿ ಮೋಟಾರು ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಪ್ಲಗ್ಗಿನೊಳಗಿನ ರಿಲೇ ಸ್ವಿಚ್ಚಿನ ಕಾಂಟ್ಯಾಕ್ಟು ಕಿಡಿಯ ಶಾಖಕ್ಕೆ ಅಂಟಿಕೊಳ್ಳುತ್ತದೆ. ಆ್ಯಪ್‌ನಲ್ಲಿ ಆಫ್ ಎಂದು ಕಾಣುತ್ತದೆ, ಮೋಟಾರು ಓಡುತ್ತಲೇ ಇರುತ್ತದೆ, ಸಂಪು ಬರಿದಾಗಿ ಪಂಪು ಸುಡುತ್ತದೆ. ಎಲೆಕ್ಟ್ರಿಷಿಯನ್‌ನಿಂದ ಕಾಂಟ್ಯಾಕ್ಟರ್ (ದೊಡ್ಡ ಕರೆಂಟು ತಾಳುವ ಸ್ವಿಚ್ಚು) ಹಾಕಿಸಿ. ಪ್ಲಗ್ಗು ಅದನ್ನು ಆನ್ ಮಾಡುವ ಕಾಯಿಲ್‌ಗೆ (ಸುರುಳಿಗೆ) ಮಾತ್ರ ಕರೆಂಟು ಕೊಡಲಿ. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ, ಕರೆಂಟು ಮರಳಿದಾಗ ಪ್ಲಗ್ 'ಆಫ್' ಆಗಿಯೇ ಇರುವಂತೆ ಆರಿಸಿ. ಇಲ್ಲವಾದರೆ ಮನೆಯಲ್ಲಿ ಯಾರೂ ಇಲ್ಲದಾಗ ಗೀಸರ್ ತಾನೇ ಹೊತ್ತಿಕೊಳ್ಳಬಹುದು.

ಬಾಗಿಲು ತೆರೆದರೆ ತಿಳಿಸುವ ಮ್ಯಾಗ್ನೆಟ್ ಸೆನ್ಸರ್ ಕೂರಿಸುವಾಗ ಅದರ ಎರಡು ತುಂಡುಗಳ ನಡುವೆ 5 ಮಿಲಿಮೀಟರ್ ಇಡಿ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಅಂತರ ಬದಲಾಗುತ್ತದೆ. ಜನರ ಓಡಾಟ ಗುರುತಿಸುವ ಪಿಐಆರ್ ಸೆನ್ಸರ್ ಮೈಯ ಬಿಸಿಗೂ ಸುತ್ತಲಿನ ಬಿಸಿಗೂ ಇರುವ ವ್ಯತ್ಯಾಸವನ್ನು ಗುರುತಿಸುತ್ತದೆ, ರಾಯಚೂರು ಕಲಬುರಗಿಯ ಬೇಸಿಗೆಯಲ್ಲಿ ಅದು ಮಂಕಾಗುತ್ತದೆ. ಜನ ಅದರ ಎದುರಿಗೆ ನಡೆದು ಬರುವಂತಲ್ಲ, ಅಡ್ಡ ದಾಟುವಂತೆ ಕೂರಿಸಿ.

ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ (ಕೆಡುಕು ಮಾಡುವ ತಂತ್ರಾಂಶ) ಲಕ್ಷಾಂತರ ಕ್ಯಾಮೆರಾ, ಅವುಗಳ ಚಿತ್ರ ಕೂಡಿಡುವ ಡಿವಿಆರ್‌ಗಳಿಗೆ ನುಗ್ಗಿದ್ದು ಕಂಪನಿ ಇಟ್ಟ ಪಾಸ್‌ವರ್ಡ್ ಹಾಗೆಯೇ ಉಳಿದಿದ್ದರಿಂದಲೇ. ರೌಟರಿನಲ್ಲಿ ಯುಪಿಎನ್‌ಪಿ (ಸಾಧನಗಳು ತಾವೇ ಇಂಟರ್ನೆಟ್ಟಿಗೆ ದಾರಿ ತೆರೆಯಲು ಬಿಡುವ ಸೌಲಭ್ಯ) ಆಫ್ ಮಾಡಿ, ಕ್ಯಾಮೆರಾಗಳನ್ನು ಮನೆಯ ಮೊಬೈಲು, ಕಂಪ್ಯೂಟರಿನಿಂದ ಬೇರೆಯಾದ ಗೆಸ್ಟ್ ನೆಟ್‌ವರ್ಕಿಗೆ ಹಾಕಿ. ಅವು ಹೆಚ್ಚಾಗಿ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುವುದರಿಂದ ಆ ವೈಫೈಗೆ ಬೇರೆ ಹೆಸರು ಕೊಡಿ.

ಎಲ್ಲ ಆದ ಮೇಲೆ ಒಂದು ರಾತ್ರಿ ಮೇನ್ ಎಂಸಿಬಿ ಇಳಿಸಿ ಹತ್ತು ನಿಮಿಷ ಬಿಡಿ. ಆಗ ಹೊರಗೆ ನಿಂತು ಮೊಬೈಲ್ ಡೇಟಾದಲ್ಲಿ ಕ್ಯಾಮೆರಾ ತೆರೆದು ನೋಡಿ. ಮತ್ತೆ ಏರಿಸಿ, ಐದು ನಿಮಿಷದೊಳಗೆ ಯಾವುದು ತಾನಾಗಿ ಸಂಪರ್ಕಕ್ಕೆ ಬರಲಿಲ್ಲವೋ ಅದನ್ನು ಅಂಗಡಿಗೆ ಹಿಂದಿರುಗಿಸಿ.