ಕಣ್ಣಲ್ಲ, ಕಿವಿಯಿಂದ ಬೀಟ್ ಕೂಡಿಸಿ

ಮೈಸೂರಿನ ಸರಸ್ವತಿಪುರಂನ ನಮ್ಮ ಮನೆ ಮಹಡಿಯಲ್ಲಿ ಎರಡು ಟೆಕ್ನಿಕ್ಸ್ ಎಸ್‌ಎಲ್-1200 ಇವೆ, ಡಿಜೆಗಳು ರೆಕಾರ್ಡ್ ನುಡಿಸುವ ಟರ್ನ್‌ಟೇಬಲ್‌ಗಳು. ದಿನಾ ಅರ್ಧ ಗಂಟೆ ಅಭ್ಯಾಸ ಮಾಡುತ್ತೇನೆ.

ಮೊದಲು ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ರೆಕಾರ್ಡನ್ನು ಅಂಚು ಹಿಡಿದೇ ಎತ್ತಿ. ಬೆರಳಿನ ಜಿಡ್ಡು ಕೂತರೆ ಧೂಳು ಅಂಟುತ್ತದೆ, ಚಟಪಟ ಸದ್ದು ಶುರುವಾಗುತ್ತದೆ.

ಈಗ ಬೀಟ್ ಕೂಡಿಸುವುದು, ಅಂದರೆ ಎರಡು ಹಾಡಿನ ತಾಳ ಒಟ್ಟಿಗೆ ಓಡುವಂತೆ ಮಾಡುವುದು. ಒಂದು ಹಾಡು ಸ್ಪೀಕರ್‌ನಲ್ಲಿ ಓಡುತ್ತಿರಲಿ. ಇನ್ನೊಂದನ್ನು ಹೆಡ್‌ಫೋನ್‌ನಲ್ಲಿ ಒಂದೇ ಕಿವಿಗೆ ಇಟ್ಟು ಕೇಳಿ. ಮೊದಲ ಕಿಕ್ (ದೊಡ್ಡ ಡ್ರಮ್ಮಿನ ಧಿಮ್ ಏಟು) ಸಿಕ್ಕ ಕಡೆ ರೆಕಾರ್ಡನ್ನು ಬೆರಳಿನಿಂದ ಹಗುರವಾಗಿ ತಡೆಯಿರಿ. ಕೆಳಗೆ ಸ್ಲಿಪ್‌ಮ್ಯಾಟ್ ಎಂಬ ಜಾರುವ ಬಟ್ಟೆ ಇದೆಯಲ್ವಾ, ಹಾಗಾಗಿ ಅದರಡಿಯ ಯಂತ್ರದ ತಟ್ಟೆ ತಿರುಗುತ್ತಲೇ ಇರುತ್ತದೆ. ನಾಲ್ಕು ಎಣಿಸಿ, ಮತ್ತೆ ಒಂದು ಬಂದಾಗ ಬಿಡಿ. ಸುಮ್ನೆ ಬೆರಳು ತೆಗೆದರೆ ಸಾಲದು, ತಟ್ಟೆಯ ವೇಗಕ್ಕೆ ತಕ್ಕಂತೆ ಚೂರು ಮುಂದೆ ತಳ್ಳಿ ಬಿಡಬೇಕು. ಹಾಡು ಹಿಂದೆ ಬಿದ್ದರೆ ಲೇಬಲ್ ಮೇಲೆ ಬೆರಳಿಟ್ಟು ಮೆಲ್ಲಗೆ ನೂಕಿ. ಮುಂದೆ ಓಡಿದರೆ ತಟ್ಟೆಯ ಅಂಚನ್ನು ಬೆರಳಲ್ಲಿ ಸವರಿ. ಮತ್ತೆ ಮತ್ತೆ ಜಾರುತ್ತಿದ್ದರೆ ಪಿಚ್, ಅಂದರೆ ರೆಕಾರ್ಡ್ ತಿರುಗುವ ವೇಗ, ಸರಿಯಿಲ್ಲ ಅಂತ ಅರ್ಥ. ಯಂತ್ರದ ಮೇಲಿನ ಪಿಚ್ ಸ್ಲೈಡರನ್ನು ಕೂದಲೆಳೆಯಷ್ಟು ಸರಿಸಿ. ಒಮ್ಮೆ ನಾನು ಜೋರಾಗಿ ನೂಕಿ ಸೂಜಿ ಹಾರಿತ್ತು, ಇಷ್ಟದ ರೆಕಾರ್ಡಿಗೆ ಗೀರು ಬಿತ್ತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಎರಡೂ ಹಾಡಿನ ಬೇಸ್ (ತಗ್ಗು ಸ್ವರದ ಗುಡುಗು) ಒಟ್ಟಿಗೆ ಬಿಡಬೇಡಿ. ಒಂದನ್ನು ಇಳಿಸಿ, ಇನ್ನೊಂದನ್ನು ಏರಿಸಿ.

ಎಣಿಕೆ ತಪ್ಪುತ್ತದೆಯೇ? ಕುಕ್ಕರಹಳ್ಳಿ ಕೆರೆ ಸುತ್ತ ಹಾಡು ಕೇಳುತ್ತಾ, ಹೆಜ್ಜೆಗೊಂದರಂತೆ ನಾಲ್ಕು ಎಣಿಸುತ್ತಾ ನಡೆಯಿರಿ. ನಾನು ಕಲಿತಿದ್ದು ಹಾಗೇ.