ನೋಟ್‌ಬುಕ್ ತಿರುಗಿಸಿದಾಗ ಸಿಕ್ಕ ಎರಡನೇ ಕೋಟೆ

ಹಳೇ ಗೇಮ್‌ಗಳಲ್ಲಿ ಯಾವುದು ಇಷ್ಟ ಅಂತ ಯಾರಾದರೂ ಕೇಳಿದರೆ ನಾನು ಯೋಚಿಸುವುದೇ ಇಲ್ಲ. ಕ್ಯಾಸಲ್‌ವೇನಿಯಾ ಸಾಲಿನ ‘ಸಿಂಫನಿ ಆಫ್ ದ ನೈಟ್’. 1997ರಲ್ಲಿ ಕೊನಾಮಿ ಕಂಪನಿ ಪ್ಲೇಸ್ಟೇಷನ್‌ಗೆ ಬಿಟ್ಟ ಆಟ. ಡ್ರಾಕುಲಾನ ಮಗ ಅಲುಕಾರ್ಡ್ ಅಪ್ಪನ ಕೋಟೆಗೇ ನುಗ್ಗುವ ಕತೆ. ಶಾಲೆಗೆ ಹೋಗುವಾಗ ಮಂಗಳೂರಿನ ನಮ್ಮ ಬಿಜೈ ಮನೆಯಲ್ಲಿ ಆಡಿದ್ದು. ದೊಡ್ಡವನಾದ ಮೇಲೆ ಫೋನಿನಲ್ಲಿ ಮತ್ತೆ ಆಡಿದೆ. ಆ ಕೋಟೆಯನ್ನು ಮೂಲೆ ಮೂಲೆ ಬಿಡದೆ ನೋಡಿ ಮುಗಿಸಿದ್ದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ದುಬೈಯಲ್ಲಿದ್ದ ನಮ್ಮ ಮಾವ ರಜೆಗೆ ಬರುವಾಗ ಪ್ಲೇಸ್ಟೇಷನ್ ಮತ್ತು ಈ ಡಿಸ್ಕ್ ಎರಡನ್ನೂ ತಂದಿದ್ದರು. ಡಿಸ್ಕಿನ ಹಿಂಬದಿ ಕಪ್ಪು. ಟಿವಿಗೆ ಜೋಡಿಸಿದರೆ ಚಿತ್ರವೆಲ್ಲ ಕಪ್ಪು ಬಿಳುಪು. ನಮ್ಮಲ್ಲಿ ಟಿವಿ ಓಡುವುದು ಪಾಲ್ ಪದ್ಧತಿಯಲ್ಲಿ, ಅಮೆರಿಕದ ಡಿಸ್ಕ್ ಎನ್‌ಟಿಎಸ್‌ಸಿ. ಟಿವಿಯ ಮೆನುವಿನಲ್ಲಿ ಕಲರ್ ಸಿಸ್ಟಮ್ ಅಂತ ಒಂದಿತ್ತು. ಅದನ್ನು ಬದಲಾಯಿಸಿದ ಕೂಡಲೇ ಬಣ್ಣ ಬಂತು. ಆಗಲೇ ನಾನು ಕಲಾವಿದೆ ಅಯಾಮಿ ಕೊಜಿಮಾ ಬರೆದ ಅಲುಕಾರ್ಡ್‌ನನ್ನು ಸರಿಯಾಗಿ ನೋಡಿದ್ದು. ಉದ್ದ ಬಿಳಿಗೂದಲು, ಕಪ್ಪು ಕೋಟು, ಯಾವ ಕಡೆಗೂ ನೋಡದ ಹಾಗಿರುವ ಕಣ್ಣು. ಅವನು ನಡೆದರೆ ಹಿಂದೆ ಅವನದೇ ನೆರಳುಗಳು ಒಂದರ ಮೇಲೊಂದು ಬರುತ್ತವೆ. ಇವತ್ತಿಗೂ ಅಂಥ ನಡಿಗೆ ಬೇರೆ ಯಾವ ಆಟದಲ್ಲೂ ನನಗೆ ಸಿಕ್ಕಿಲ್ಲ.

ಆಟದ ಶುರುವೇ ಚೆಂದ. ಕಾಡಿನಲ್ಲಿ ಓಡಿ ಬಂದು, ಮೇಲೇಳುತ್ತಿರುವ ಸೇತುವೆಯನ್ನು ಹಾರಿ ಅಲುಕಾರ್ಡ್ ಒಳಗೆ ಬರುತ್ತಾನೆ. ಕೈಯಲ್ಲಿ ಒಳ್ಳೇ ಕತ್ತಿ, ಮೈಮೇಲೆ ಒಳ್ಳೇ ಕವಚ. ಎದುರು ಬಂದದ್ದೆಲ್ಲ ಒಂದೇ ಏಟಿಗೆ ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಸಾವು ಕುಡುಗೋಲು ಹಿಡಿದು ಎದುರು ಬಂದು ನಿಂತು ಎಲ್ಲವನ್ನೂ ಕಿತ್ತುಕೊಂಡು ಹೋಗುತ್ತದೆ. ಮತ್ತೆ ಬರಿಗೈ. ಕೊಂದಷ್ಟೂ ಲೆವೆಲ್ ಏರುತ್ತದೆ, ಬಿದ್ದ ಕತ್ತಿ, ಕವಚ ಹೆಕ್ಕಿಕೊಂಡು ಹಾಕಿಕೊಳ್ಳಬೇಕು. ಈ ಸಾಲಿನ ಹಿಂದಿನ ಆಟಗಳಲ್ಲಿ ಹೆಚ್ಚಿನವು ಹಂತ ಹಂತವಾಗಿ ಮುಂದೆ ಹೋಗುವಂಥವು. ಇದರಲ್ಲಿ ಇಡೀ ಕೋಟೆ ಒಂದೇ, ಎಲ್ಲಿಗೆ ಬೇಕಾದರೂ ತಿರುಗಿ ಹೋಗಬಹುದು. ಇದನ್ನು ಮಾಡಿದವರಲ್ಲಿ ಒಬ್ಬರಾದ ಕೋಜಿ ಇಗರಾಶಿ, ಜೆಲ್ಡಾ ಆಟಗಳ ಹಾಗೆ ತಿರುಗಾಡಿ ಆಡುವ ಒಂದು ಆಟ ಬೇಕಿತ್ತು ಅಂತ ಆಮೇಲೆ ಹೇಳಿದ್ದಾರೆ.

ಆ ತಿರುಗಾಟಕ್ಕೆ ನಾನು ಮಾಡಿಕೊಂಡ ದಾರಿ ಗಣಿತದ ಚೌಕುಳಿ ನೋಟ್‌ಬುಕ್. ಆಟದಲ್ಲೇ ಮ್ಯಾಪ್ ಉಂಟು, ನೋಡಿದ ಕೋಣೆಗಳನ್ನು ಅದೇ ಬರೆದುಕೊಳ್ಳುತ್ತದೆ. ಆದರೆ ಎಲ್ಲಿ ಯಾಕೆ ನಿಂತೆ ಅಂತ ಅದು ಹೇಳುವುದಿಲ್ಲ. ಅದಕ್ಕೆ ಒಂದು ಚೌಕಕ್ಕೆ ಒಂದು ಕೋಣೆ ಅಂತ ಲೆಕ್ಕ ಹಿಡಿದು ನಾನೇ ಬರೆಯತೊಡಗಿದೆ. ತೆರೆಯದ ನೀಲಿ ಬಾಗಿಲಿಗೆ ‘ನೀ’. ಕೈಗೆಟುಕದ ಎತ್ತರಕ್ಕೆ ‘ಎ’. ಕಬ್ಬಿಣದ ಸರಳಿದ್ದರೆ ಮೂರು ಗೀಟು. ಸುಮ್ನೆ ಅನುಮಾನ ಬಂದ ಗೋಡೆಗೆ ಒಂದು ಚುಕ್ಕೆ. ಹೊಸ ಶಕ್ತಿ ಸಿಕ್ಕಿದಾಗ ನೋಟ್‌ಬುಕ್ ತೆಗೆದು ಆ ಗುರುತಿರುವ ಕಡೆಗೆಲ್ಲ ಒಂದು ಸುತ್ತು. ಲೈಬ್ರರಿಯಲ್ಲಿ ಕುಳಿತ ಮುದುಕನ ಹತ್ತಿರ 500 ಕೊಟ್ಟರೆ ನೀಲಿ ಬಾಗಿಲು ತೆರೆಯುವ ಹರಳು ಸಿಗುತ್ತದೆ. ಮೊದಲು ಬಂದ ದುಡ್ಡನ್ನು ಬೇರೆ ಯಾವುದಕ್ಕೂ ಮುಟ್ಟಬೇಡಿ, ಅದಕ್ಕೇ ಇಡಿ. ಮಂಜಾಗುವ ಶಕ್ತಿ ಬಂದರೆ ಸರಳಿನ ನಡುವೆ ನುಸುಳಬಹುದು. ಬಾವಲಿಯಾಗುವುದು ಸಿಕ್ಕಿದ ಮೇಲೆ ‘ಎ’ ಗುರುತುಗಳೆಲ್ಲ ಒಂದೊಂದಾಗಿ ಅಳಿಸಿದವು.

ಇನ್ನೊಂದು ಉಪಾಯ. ಈ ಆಟದಲ್ಲಿ ತ್ರಿಕೋನದ ಬಟನ್ ಒತ್ತಿದರೆ ಅಲುಕಾರ್ಡ್ ಹಿಂದಕ್ಕೆ ಸರಕ್ಕನೆ ಜಾರುತ್ತಾನೆ. ನಡೆಯುವುದಕ್ಕಿಂತ ಅದೇ ಬೇಗ. ಉದ್ದ ಕಾರಿಡಾರುಗಳನ್ನು ನಾನು ಬೆನ್ನು ಹಾಕಿಕೊಂಡೇ ದಾಟುತ್ತಿದ್ದೆ.

ನಾನು ಆಡಿದ್ದು ಜೂನಿನಲ್ಲಿ. ನಮ್ಮೂರ ಮಳೆ ಗೊತ್ತಲ್ಲ, ಗಾಳಿ ಜೋರಾಗಿ ಒಂದು ತೆಂಗಿನ ಗರಿ ತಂತಿಗೆ ಬಿದ್ದರೂ ಸಾಕು, ಕರೆಂಟ್ ಹೋಯ್ತು. ಆಟ ಉಳಿಯುವುದು ಸೇವ್ ಕೋಣೆಯಲ್ಲಿ ಮಾತ್ರ. ಮ್ಯಾಪಿನಲ್ಲಿ ಅದು ಕೆಂಪು ಚೌಕ. ಹಾಗಾಗಿ ಪ್ರತಿ ಸಲ ಹೊರಡುವಾಗ ಹತ್ತಿರದ ಕೆಂಪು ಚೌಕ ಎಲ್ಲುಂಟು, ಅಲ್ಲಿಗೆ ಎಷ್ಟು ಕೋಣೆ ಅಂತ ನೋಡಿಯೇ ಹೊರಡುವುದು ಅಭ್ಯಾಸವಾಯಿತು. ಗುಡುಗು ಶುರುವಾದರೆ ಬಾಸ್, ಅಂದರೆ ದೊಡ್ಡ ಶತ್ರು, ಇರುವ ಕೋಣೆಯ ಬಾಗಿಲಿನಿಂದಲೇ ವಾಪಸ್. ಅಮ್ಮ ಒಳಗಿನಿಂದ, “ಮಿಂಚು ಬರ್ತಾ ಉಂಟು, ವಯರ್ ತೆಗಿ ಮಾರಾಯ” ಅಂತ ಕೂಗುವಷ್ಟರಲ್ಲಿ ಸೇವ್ ಆಗಿರುತ್ತಿತ್ತು. ಈ ಕಾರಣಕ್ಕೇ ನನಗೆ ಆ ಕೋಟೆಯ ದಾರಿಗಳು ಅಷ್ಟು ಚೆನ್ನಾಗಿ ಬಾಯಿಪಾಠ ಆದದ್ದು.

ಭಯದ ವಿಷಯ ಹೇಳಲೇಬೇಕು. ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದಿನಿಂದ ಸ್ವಲ್ಪ ಸ್ವಲ್ಪವೇ ಕಾಣಿಸಿಕೊಳ್ಳುತ್ತದಲ್ಲ, ಈ ಆಟವೂ ಹಾಗೆ ತಡೆದು ತಡೆದು ಹೆದರಿಸುತ್ತದೆ. ಧುತ್ತನೆ ಮುಖಕ್ಕೆ ಹಾರುವ ಭೂತಗಳಿಗಿಂತ ಅದರ ಖಾಲಿ ಕೋಣೆಗಳೇ ನನ್ನನ್ನು ಜಾಸ್ತಿ ಕಾಡಿದ್ದು. ಕೋಟೆಯ ಚಾಪೆಲ್‌ನಲ್ಲಿ ಪಾಪನಿವೇದನೆಯ ಪೆಟ್ಟಿಗೆಯಂಥ ಗೂಡು ಉಂಟು. ಒಳಗೆ ಕುರ್ಚಿ. ಅಲುಕಾರ್ಡ್‌ನನ್ನು ಅಲ್ಲಿ ಕೂರಿಸಿದರೆ ಆಚೆ ಬದಿಯಲ್ಲಿ ಒಂದು ಆತ್ಮ ಬಂದು ಕೂರುತ್ತದೆ. ಕೆಲವು ಸಲ ಶಾಂತವಾಗಿ ಕೇಳಿ ಹೋಗುತ್ತದೆ. ಕೆಲವು ಸಲ ಪರದೆ ಎಳೆದು ಒಳಗಿನಿಂದ ಚುಚ್ಚುತ್ತದೆ. ಆ ಗೂಡು ಏನೆಂದು ನನಗೆ ಗೊತ್ತಿರಲಿಲ್ಲ. ಕ್ಲಾಸಿನ ಕ್ರಿಶ್ಚಿಯನ್ ಗೆಳೆಯನೊಬ್ಬ ವಿವರಿಸಿದ. ಆಮೇಲೆ ಅವನೇ ನನ್ನನ್ನು ಸಂತ ಅಲೋಶಿಯಸ್ ಚಾಪೆಲ್ ನೋಡಲು ಕರೆದುಕೊಂಡು ಹೋದ. ಇಟಲಿಯ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಶೆನಿ 1899ರಿಂದ ಅದರ ಗೋಡೆ, ಛಾವಣಿಗೆಲ್ಲ ಚಿತ್ರ ಬರೆದಿದ್ದಾರೆ. ಕುತ್ತಿಗೆ ನೋಯುವವರೆಗೆ ಮೇಲೆ ನೋಡಿದೆ. ಅಲ್ಲಿ ಭಯದ ಸುಳಿವೂ ಇಲ್ಲ, ಬೆಳಕೇ ಬೆಳಕು. ಆದರೂ ಆ ದಿನ ಮನೆಗೆ ಬಂದು ಆಟದ ಚಾಪೆಲ್‌ನ ಉದ್ದ ಮೆಟ್ಟಿಲು ಹತ್ತುವಾಗ ಹಿಂದಿನ ಬಣ್ಣದ ಗಾಜುಗಳನ್ನು ಮೊದಲ ಸಲ ನಿಂತು ನೋಡಿದೆ.

ನನಗೆ ಅತಿ ಇಷ್ಟವಾದ ಜಾಗ ಮಾತ್ರ ನೆಲದಡಿಯ ಸಮಾಧಿಗಳ ಹತ್ತಿರದ ಕತ್ತಲೆ ದಾರಿ. ಅಲ್ಲಿ ಏನೆಂದರೆ ಏನೂ ಕಾಣುವುದಿಲ್ಲ, ಸುತ್ತ ಮುಳ್ಳು. ಬಾವಲಿಯಾಗಿ ಕೂಗು ಹಾಕುವ ಶಕ್ತಿ ಸಿಕ್ಕಿದ್ದರೆ, ಆ ಕೂಗು ತಾಗಿದ ಕಡೆ ಕ್ಷಣಮಾತ್ರ ಮುಳ್ಳಿನ ಆಕಾರ ತೋರುತ್ತದೆ. ಕೂಗು, ನೋಡು, ಸ್ವಲ್ಪ ಹಾರು, ಮತ್ತೆ ಕೂಗು. ನಾನು ನೋಟ್‌ಬುಕ್ಕನ್ನು ತೊಡೆ ಮೇಲಿಟ್ಟುಕೊಂಡು ಪ್ರತಿ ಕೂಗಿಗೂ ಕಂಡಷ್ಟನ್ನು ಪೆನ್ಸಿಲಿನಲ್ಲಿ ಗೀಚುತ್ತಾ ಹೋದೆ. ಕೊನೆಗೆ ಸಿಗುವುದು ಮುಳ್ಳನ್ನೇ ಪುಡಿ ಮಾಡುವ ಕವಚ. ಅದನ್ನು ಹಾಕಿಕೊಂಡರೆ ಚಾಪೆಲ್‌ನಲ್ಲಿ ಅದುವರೆಗೆ ದಾಟಲಾಗದ ಮುಳ್ಳಿನ ಹಾದಿ ದಾಟಿ ಬೆಳ್ಳಿ ಉಂಗುರ ತರಬಹುದು. ಚಿನ್ನದ ಉಂಗುರ ಸಿಗುವುದು ನೆಲದಡಿಯ ಗುಹೆಯಲ್ಲಿ. ಎರಡನ್ನೂ ಹಾಕಿಕೊಂಡು ಕೋಟೆಯ ನಡುವಿನ ಗಡಿಯಾರದ ಕೋಣೆಗೆ ಹೋದರೆ ನೆಲ ತೆರೆಯುತ್ತದೆ. ಕೆಳಗೆ ಮಾರಿಯಾ ಒಂದು ಕನ್ನಡಕ ಕೊಡುತ್ತಾಳೆ. ರಿಕ್ಟರ್ ಎಂಬ ರಕ್ತಪಿಶಾಚಿ ಬೇಟೆಗಾರನನ್ನು ಹುಡುಕಿಕೊಂಡು ಕೋಟೆಗೆ ಬಂದವಳು ಅವಳು, ಅವನೋ ಯಾರದೋ ಮಂತ್ರಕ್ಕೆ ಸಿಕ್ಕಿಬಿದ್ದಿದ್ದಾನೆ. ಕನ್ನಡಕ ಇಲ್ಲದೆ ಮೇಲಿನ ಗೋಪುರದಲ್ಲಿ ರಿಕ್ಟರ್‌ನನ್ನು ಕೊಂದರೆ ಆಟ ಅಲ್ಲಿಗೇ ಮುಗಿಯುತ್ತದೆ. ಹಾಕಿಕೊಂಡರೆ ಅವನ ಮೇಲೆ ತೇಲುವ ಹಸಿರು ಗೋಲ ಕಾಣುತ್ತದೆ. ಅವನಿಗೆ ಹೊಡೆಯಬೇಡಿ, ಗೋಲಕ್ಕೆ ಹೊಡೆಯಿರಿ.

ಆಗ ಆಕಾಶದಲ್ಲಿ ಎರಡನೇ ಕೋಟೆ ಕಾಣಿಸುತ್ತದೆ. ತಲೆಕೆಳಗಾದ ಕೋಟೆ. ಮುಗಿಯಿತು ಅಂದುಕೊಂಡಲ್ಲಿ ಇನ್ನೊಂದು ಅಷ್ಟೇ ದೊಡ್ಡದು. ಮೆಟ್ಟಿಲು ಛಾವಣಿಯಲ್ಲಿ, ದೀಪದ ಗೊಂಚಲು ನೆಲದಲ್ಲಿ. ಒಂದೆರಡು ಕೋಣೆ ದಾಟಿದ ಮೇಲೆ ನನಗೆ ಹೊಳೆಯಿತು, ನೋಟ್‌ಬುಕ್ಕನ್ನು ಅರ್ಧ ಸುತ್ತು ತಿರುಗಿಸಿದೆ. ಸರಿಯಾಗಿ ಕೂತಿತು! ಕೆಳಗೆ ಎಡಕ್ಕಿದ್ದ ಹೆಬ್ಬಾಗಿಲು ಈಗ ಮೇಲೆ ಬಲಕ್ಕೆ. ನಾನು ಬರೆದ ಪ್ರತಿ ಗೋಡೆ, ಪ್ರತಿ ತಿರುವು ಹಾಗೇ ಹೊಂದಿತು. ಮೊದಲ ಕೋಟೆಯಲ್ಲಿ, ಇಲ್ಲಿ ಈ ಕಲ್ಲು ಯಾಕಪ್ಪ ಇಟ್ಟರು ಅಂತ ಪ್ರಶ್ನೆ ಹಾಕಿಕೊಂಡಿದ್ದ ಛಾವಣಿಯ ಕಲ್ಲುಗಳ ಮೇಲೆ ಈಗ ನಾನು ಕಾಲಿಟ್ಟು ನಡೆಯುತ್ತಿದ್ದೆ. ಎರಡೂ ಕಡೆಯಿಂದ ಆಡಲು ಬರುವ ಹಾಗೆ ಅಷ್ಟು ಕೋಣೆ ಕಟ್ಟಿದವರ ತಾಳ್ಮೆಗೆ ನನ್ನ ನಮಸ್ಕಾರ.

ಇಲ್ಲಿಂದ ಮುಂದಿನ ಕೆಲಸಕ್ಕೂ ಅದೇ ಪುಟ ಸಾಕಾಯಿತು. ಹೃದಯ, ಹಲ್ಲು, ಪಕ್ಕೆಲುಬು, ಉಂಗುರ, ಕಣ್ಣು ಅಂತ ಡ್ರಾಕುಲಾನ ಐದು ವಸ್ತು ಹುಡುಕಬೇಕು. ಸಾಮಾನು ಇಟ್ಟ ಜಾಗ ಬೇರೆ, ಆದರೆ ದಾರಿ ಗೊತ್ತಿರುವುದೇ. ಈ ಆಟದಲ್ಲಿ ಮ್ಯಾಪ್ ಪೂರ್ತಿ ಆದರೆ ತೋರುವ ಅಂಕಿ 200.6 ಪರ್ಸೆಂಟ್. ಕೊನೆಯ ಚಿಲ್ಲರೆ ಕೋಣೆಗಳು ಸಿಗದೆ ಎಷ್ಟೋ ಜನ ಬಿಡುತ್ತಾರೆ. ನಾನು ಮಾಡಿದ್ದು ಇಷ್ಟೇ: ಒಂದು ಕೋಟೆಯಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಚೌಕಗಳನ್ನು ಕೆಂಪು ಪೆನ್ನಿನಲ್ಲಿ ಸುತ್ತಿ, ಅಲ್ಲಿಗೇ ಹೋಗಿ ಗೋಡೆಗೆ ಹೊಡೆದೆ. ಹೆಚ್ಚಿನವು ಹಾಗೇ ಸಿಕ್ಕವು.

ಎರಡನೇ ಕೋಟೆಯ ಬಗ್ಗೆ ನನ್ನ ದೂರು ಸಂಗೀತದ್ದು. ಮಿಚಿರು ಯಮಾನೆ ಮೊದಲ ಕೋಟೆಗೆ ಕೊಟ್ಟದ್ದನ್ನು ನೆನೆಸಿಕೊಳ್ಳಿ. ಲೈಬ್ರರಿಗೆ ಹಾರ್ಪ್ಸಿಕಾರ್ಡ್, ಗಡಿಯಾರ ಗೋಪುರಕ್ಕೆ ಗಿಟಾರ್, ಒಂದೊಂದು ಜಾಗಕ್ಕೆ ಒಂದೊಂದು ಬಣ್ಣ. ಕಣ್ಣು ಮುಚ್ಚಿದರೂ ಎಲ್ಲಿದ್ದೇನೆಂದು ಹೇಳಬಹುದು. ತಲೆಕೆಳಗಾದ ಕೋಟೆಯಲ್ಲಿ ಬಹಳ ಕಡೆ ಒಂದೇ ಟ್ಯೂನ್ ತಿರುಗುತ್ತದೆ. ಆಟವೂ ಕೊನೆಗೆ ಸುಲಭವಾಗುತ್ತದೆ. ಅಲ್ಲಿನ ಲೈಬ್ರರಿಯ ಸಣ್ಣ ಭೂತವೊಂದು ಅಪರೂಪಕ್ಕೆ ಬೀಳಿಸುವ ಕ್ರಿಸೇಗ್ರಿಮ್ ಎಂಬ ಕತ್ತಿ ಸಿಕ್ಕಿದರೆ ಎದುರು ಯಾರೂ ನಿಲ್ಲುವುದಿಲ್ಲ. ಅದು ಸಿಕ್ಕರೂ ಹಾಕಿಕೊಳ್ಳಬೇಡಿ ಅನ್ನುವುದೇ ನನ್ನ ಸಲಹೆ.

2020ರ ಮಾರ್ಚಿನಲ್ಲಿ ಈ ಆಟ ಫೋನಿಗೆ ಬಂತು. ಅದೇ ತಿಂಗಳು ಎಲ್ಲವೂ ಬಂದ್ ಆಗಿ ನಾನು ಉಡುಪಿಯಲ್ಲಿ ಅಕ್ಕನ ಮನೆಯಲ್ಲಿದ್ದೆ. ಗಾಜಿನ ಮೇಲೆ ಬೆರಳಿಟ್ಟು ಆಡುವುದು ಕಷ್ಟ, ಬ್ಲೂಟೂತ್ ಕಂಟ್ರೋಲರ್ ಜೋಡಿಸಿಕೊಂಡರೆ ಒಳ್ಳೇದು. ಅಕ್ಕನ ಮಗಳು ಪಕ್ಕದಲ್ಲಿ ಕೂತು, “ಮಾಮ, ಈ ಕೋಣೆಗೆ ಆಗಲೇ ಬಂದಿದ್ವಲ್ಲ, ಪುನಃ ಯಾಕೆ?” ಅಂದಳು. ಅವಳಿಗೆ ಚೌಕುಳಿ ನೋಟ್‌ಬುಕ್ ಕೊಟ್ಟೆ. ನಾನು ಬರೆದ ಗುರುತುಗಳು ಅವಳಿಗೆ ಸರಿಯಾಗಲಿಲ್ಲ, ಬಣ್ಣದ ಸ್ಟಿಕ್ಕರ್ ಅಂಟಿಸಿಕೊಂಡಳು. ಎರಡನೇ ಕೋಟೆ ಬಂದಾಗ ನಾನು ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ಪುಸ್ತಕ ತಿರುಗಿಸಿದಳು.

ಮುಗಿಸಿದ ಮೇಲೆ ಹೊಸ ಆಟ ಶುರು ಮಾಡಿ ಹೆಸರಿನ ಜಾಗದಲ್ಲಿ ರಿಕ್ಟರ್ ಅಂತ ಇಂಗ್ಲಿಷ್‌ನಲ್ಲಿ ಹಾಕಿದರೆ ಅವನಾಗಿಯೇ ಆಡಬಹುದು. ಅವನ ಮುಖ್ಯ ಆಯುಧ ಚಾವಟಿ, ಕತ್ತಿ ಕವಚ ಬದಲಾಯಿಸುವ ಹಾಗಿಲ್ಲ. ಅವಳೀಗ ಅದರಲ್ಲಿದ್ದಾಳೆ, ನೋಟ್‌ಬುಕ್ಕಿನಲ್ಲಿ ಹೊಸ ಪುಟ.